ಹಣ್ಣು ಕಾಯುವುದಿಲ್ಲ, ಗಿರಾಕಿಯೂ ಕಾಯುವುದಿಲ್ಲ

(ಆನ್‌ಲೈನ್ ಅಂಗಡಿಗೆ ತಕ್ಕ ಕಾರ್ಟ್ ತಂತ್ರಾಂಶವನ್ನು ಆರಿಸುವ ಹಾಗೂ ಚುರುಕುಗೊಳಿಸುವ ಬಗೆ)



ಮರದಿಂದ ಇಳಿಸಿದ ಮಾವು ಹಣ್ಣಾದ ಮೇಲೆ ಕೆಲವೇ ದಿನ ಉಳಿಯುತ್ತದೆ. ಅಷ್ಟರೊಳಗೆ ಮಾರಾಟವಾಗದಿದ್ದರೆ ವರ್ಷದ ದುಡಿಮೆ ತಿಪ್ಪೆಯ ಪಾಲು. ಈ ಭಯದಿಂದಲೇ ಬೆಳೆಗಾರನು ಮಂಡಿಯಲ್ಲಿ ಕೇಳಿದ ಬೆಲೆಗೆ ಒಪ್ಪಿ ಬರಬೇಕಾಗುತ್ತದೆ. ಶ್ರೀನಿವಾಸಪುರ, ರಾಮನಗರ ಕಡೆಯ ಮಾವು ಬೆಳೆಗಾರರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದಕಾರಣ ಈಗ ಕೆಲವರು ತಿನ್ನುವವರ ಮನೆಗೇ ನೇರವಾಗಿ ಹಣ್ಣು ಕಳುಹಿಸುವ ದಾರಿ ಹಿಡಿದಿದ್ದಾರೆ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ‘ಕರ್‌ಸಿರಿ’ ಎಂಬ ಜಾಲತಾಣ ತೆರೆದು, ಅಂಚೆ ಇಲಾಖೆಯ ನೆರವಿನಿಂದ ಬೆಂಗಳೂರಿನ ಮನೆಗಳಿಗೆ ಬೆಳೆಗಾರರ ಹಣ್ಣು ತಲುಪಿಸಿದ ಸಂಗತಿಯನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ರೈತ ಉತ್ಪಾದಕ ಸಂಸ್ಥೆಗಳೂ ಸ್ವಸಹಾಯ ಸಂಘಗಳೂ ತಮ್ಮದೇ ಆನ್‌ಲೈನ್ ಅಂಗಡಿ ತೆರೆಯಲು ಮುಂದಾಗುತ್ತಿವೆ.

ಇದು ಸಂತೋಷದ ವಿಷಯ. ಆದರೆ ಅಂಗಡಿ ತೆರೆದ ಮಾತ್ರಕ್ಕೆ ವ್ಯಾಪಾರ ನಡೆಯುವುದಿಲ್ಲ. ಗಿರಾಕಿ ಹಣ್ಣು ಆರಿಸಿ, ವಿಳಾಸ ಬರೆದು, ಹಣ ಕೊಡುವಷ್ಟರಲ್ಲಿ ಫೋನಿನ ಮೇಲೆ ಚಕ್ರ ತಿರುಗುತ್ತಲೇ ಇದ್ದರೆ ಅವನು ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಹೋಗುತ್ತಾನೆ. ಆನ್‌ಲೈನ್ ಅಂಗಡಿಗಳಲ್ಲಿ ತುಂಬಿದ ಬುಟ್ಟಿಗಳ ಪೈಕಿ ಸುಮಾರು ನೂರಕ್ಕೆ 70 ಹೀಗೆ ಹಣ ಕೊಡದೆಯೇ ಉಳಿದುಹೋಗುತ್ತವೆ ಎಂದು ಈ ವಿಷಯವನ್ನೇ ಅಭ್ಯಾಸ ಮಾಡುವ ಬೇಮಾರ್ಡ್ ಸಂಸ್ಥೆ ಲೆಕ್ಕ ಹಾಕಿದೆ. ಎಲ್ಲಕ್ಕೂ ನಿಧಾನವೇ ಕಾರಣವಲ್ಲ. ಸುಮ್ಮನೆ ನೋಡಲು ಬಂದವರೂ ಅದರಲ್ಲಿ ಸೇರಿದ್ದಾರೆ. ಆದರೆ ಕೊಳ್ಳಲೆಂದೇ ಬಂದವನು ನಮ್ಮ ಅಂಗಡಿಯ ಆಲಸ್ಯದಿಂದ ಹಿಂದಿರುಗಿದರೆ ಆ ನಷ್ಟ ನಮ್ಮದೇ.

ಕಾರ್ಟ್ ಎಂದರೇನು?

ಕಾರ್ಟ್ ಎಂದರೆ ಗಿರಾಕಿಯ ಕೈಯಲ್ಲಿರುವ ಬುಟ್ಟಿ. ಅದನ್ನು ನಡೆಸುವ ತಂತ್ರಾಂಶವು ಅಂಗಡಿಯ ನಾಲ್ಕು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಬುಟ್ಟಿಯಲ್ಲಿ ಏನೇನಿದೆ ಎಂದು ನೆನಪಿಡುತ್ತದೆ. ದಾಸ್ತಾನು ಎಷ್ಟಿದೆ ಎಂದು ನೋಡುತ್ತದೆ. ಬೆಲೆ, ತೆರಿಗೆ, ಸಾಗಣೆ ವೆಚ್ಚಗಳನ್ನು ಕೂಡುತ್ತದೆ. ಹಣ ಪಡೆದು ರಸೀದಿ ಕೊಡುತ್ತದೆ.

ಇವುಗಳಲ್ಲಿ ನೆನಪಿಡುವ ಕೆಲಸವೇ ಮೊದಲು ಕಷ್ಟವಾಗಿತ್ತು. ಜಾಲತಾಣದ ಸರ್ವರಿಗೆ ಸ್ವತಃ ಜ್ಞಾಪಕಶಕ್ತಿ ಇಲ್ಲ. ಒಂದು ಪುಟ ಕೊಟ್ಟು ಮುಂದಿನ ಪುಟ ಕೇಳುವಷ್ಟರಲ್ಲಿ ಅದಕ್ಕೆ ಗಿರಾಕಿಯ ಗುರುತು ಮರೆತಿರುತ್ತದೆ. 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬವರು ಇದಕ್ಕೆ ಒಂದು ಉಪಾಯ ಕಂಡುಹಿಡಿದರು. ಸರ್ವರ್ ಪ್ರತಿ ಗಿರಾಕಿಯ ಬ್ರೌಸರಿಗೂ ಒಂದು ಸಣ್ಣ ಚೀಟಿ ಕೊಡುತ್ತದೆ. ಬ್ರೌಸರ್ ಪ್ರತಿಸಲವೂ ಆ ಚೀಟಿಯನ್ನು ತೋರಿಸುತ್ತದೆ. ಚೀಟಿಯ ಸಂಖ್ಯೆ ನೋಡಿ ಸರ್ವರ್ ಅವನ ಬುಟ್ಟಿಯನ್ನು ತೆಗೆದುಕೊಡುತ್ತದೆ. ಈ ಚೀಟಿಗೆ ‘ಕುಕಿ’ ಎಂದು ಹೆಸರು. ಆನ್‌ಲೈನ್ ಅಂಗಡಿಯ ಬುಟ್ಟಿಗಾಗಿಯೇ ಹುಟ್ಟಿದ ಉಪಾಯ ಇದು. ಈ ಚೀಟಿಯ ಸಂಗತಿಯನ್ನು ನೆನಪಿನಲ್ಲಿಡಿ; ಮುಂದೆ ಒಂದು ಮುಖ್ಯ ಎಚ್ಚರಿಕೆಗೆ ಇದು ಬೇಕಾಗುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ನಮಗೆ ಕಾರ್ಟ್ ಬೇಕೇ? ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನಿಮ್ಮಲ್ಲಿರುವುದು ಒಂದೆರಡು ಸರಕು, ಪರಿಚಯದ ಐವತ್ತು ಮನೆಗಳು ಮಾತ್ರವಾದರೆ ವಾಟ್ಸಾಪಿನಲ್ಲಿ ಬೇಡಿಕೆ ಬರೆದುಕೊಂಡು ಯು.ಪಿ.ಐ. ಮೂಲಕ ಹಣ ಪಡೆದರೆ ಸಾಕು. ಬೇಡಿಕೆಗಳು ದಿನಕ್ಕೆ ಇಪ್ಪತ್ತು ಮೂವತ್ತು ಮೀರಿ, ಯಾರು ಹಣ ಕೊಟ್ಟರು, ಯಾರಿಗೆ ಪೆಟ್ಟಿಗೆ ಹೋಯಿತು ಎಂಬ ಲೆಕ್ಕ ತಪ್ಪತೊಡಗಿದಾಗ ಕಾರ್ಟಿನ ಯೋಚನೆ ಮಾಡಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಇಲ್ಲಿಯೂ ಜಾಣತನ.

ಆರಿಸುವ ಬಗೆ

ಕಾರ್ಟ್ ಪಡೆಯಲು ಮುಖ್ಯವಾಗಿ ಮೂರು ದಾರಿಗಳಿವೆ.

1. ಬಾಡಿಗೆ ಅಂಗಡಿ: ತಿಂಗಳಿಗಿಷ್ಟು ಎಂದು ಕೊಟ್ಟರೆ ಸರ್ವರ್, ರಕ್ಷಣೆ, ರಿಪೇರಿ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಕೆನಡಾ ದೇಶದ ಶಾಪಿಫೈ ಇದಕ್ಕೆ ಉದಾಹರಣೆ. ಅದರ ಸ್ಥಾಪಕರು 2004ರಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಮಾರಲು ಅಂಗಡಿ ತೆರೆದರು. ಆಗ ಸಿಗುತ್ತಿದ್ದ ಕಾರ್ಟುಗಳು ಮನಸ್ಸಿಗೆ ಬಾರದೆ ತಾವೇ ಒಂದನ್ನು ಬರೆದುಕೊಂಡರು. 2006ರಲ್ಲಿ ಅದನ್ನೇ ಇತರರಿಗೂ ಕೊಡತೊಡಗಿದರು. ಬಾಡಿಗೆ ಅಂಗಡಿಯಲ್ಲಿ ನೆಮ್ಮದಿ ಹೆಚ್ಚು. ಆದರೆ ಮಾರಾಟವಿಲ್ಲದ ತಿಂಗಳಲ್ಲೂ ಬಾಡಿಗೆ ತಪ್ಪುವುದಿಲ್ಲ.

2. ಸ್ವಂತ ಅಂಗಡಿ: ತಂತ್ರಾಂಶ ಉಚಿತ, ಅದನ್ನಿರಿಸುವ ಜಾಗಕ್ಕೆ, ಅಂದರೆ ಹೋಸ್ಟಿಂಗಿಗೆ ಹಣ ಕೊಡಬೇಕು. 2011ರಲ್ಲಿ ಹೊರಬಂದ ವೂಕಾಮರ್ಸ್ ವರ್ಡ್‌ಪ್ರೆಸ್ ಜಾಲತಾಣದ ಮೇಲೆ ಕೂರುತ್ತದೆ. ಇದನ್ನು ಬಲ್ಲ ಯುವಕರು ತಾಲ್ಲೂಕು ಕೇಂದ್ರಗಳಲ್ಲೂ ಸಿಗಬಹುದು. ಓಪನ್‌ಕಾರ್ಟ್, ಪ್ರೆಸ್ಟಾಶಾಪ್ ಇದೇ ಬಗೆಯವು. 2008ರಲ್ಲಿ ಬಂದು 2018ರಲ್ಲಿ ಅಡೋಬಿ ಕಂಪನಿಯ ಕೈ ಸೇರಿದ ಮಜೆಂಟೊ ಬಹು ದೊಡ್ಡ ವ್ಯಾಪಾರಕ್ಕೆ ತಕ್ಕದ್ದು. ಅದರ 2.4ನೆಯ ಆವೃತ್ತಿಯಿಂದ ಸರಕು ಹುಡುಕಿಕೊಡುವುದಕ್ಕೆಂದೇ ಇನ್ನೊಂದು ತಂತ್ರಾಂಶವನ್ನು ಜೊತೆಗೆ ನಡೆಸಬೇಕಾಗುತ್ತದೆ. ಹತ್ತು ಬಗೆಯ ಹಣ್ಣು, ಉಪ್ಪಿನಕಾಯಿ ಮಾರುವವರಿಗೆ ಅದು ಹಿತ್ತಲಿನ ಮಡಿಗೆ ಟ್ರ್ಯಾಕ್ಟರ್ ಇಳಿಸಿದಂತೆ.

3. ಜಾಲಕ್ಕೆ ಸೇರುವುದು: ಭಾರತ ಸರ್ಕಾರದ ಪ್ರೇರಣೆಯಿಂದ 2021ರ ಡಿಸೆಂಬರಿನಲ್ಲಿ ಸ್ಥಾಪಿತವಾದ ಒ.ಎನ್.ಡಿ.ಸಿ. ಎಂಬ ಮುಕ್ತ ಜಾಲವಿದೆ. ಇಲ್ಲಿ ಮಾರುವವನು ಒಂದು ಆ್ಯಪಿನಲ್ಲಿದ್ದು ಕೊಳ್ಳುವವನು ಮತ್ತೊಂದರಲ್ಲಿದ್ದರೂ ವ್ಯಾಪಾರ ಕೂಡಿಬರುತ್ತದೆ. ಸ್ವಂತ ಅಂಗಡಿಯ ಜೊತೆಗೂ ಇದನ್ನು ಇಟ್ಟುಕೊಳ್ಳಬಹುದು.

ಯಾವ ದಾರಿಯನ್ನು ಹಿಡಿದರೂ ಒಪ್ಪುವ ಮೊದಲು ಸಂಘದ ಸಭೆಯಲ್ಲಿ ಈ ಆರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳತಕ್ಕದ್ದು:

(ಅ) ವರ್ಷದ ಒಟ್ಟು ಖರ್ಚು ಎಷ್ಟು? ಬಾಡಿಗೆಯಷ್ಟನ್ನೇ ನೋಡಬಾರದು. ಹಣ ಪಾವತಿ ಮಾಡಿಸುವ ಗೇಟ್‌ವೇ ನೂರಕ್ಕೆ 2ರಂತೆ ಕೇಳಿದರೆ 600 ರೂಪಾಯಿಯ ಪೆಟ್ಟಿಗೆಯಲ್ಲಿ 12 ರೂಪಾಯಿ ಹೋಯಿತು. ಕಾರ್ಟಿನವರೂ ಪ್ರತಿ ಮಾರಾಟದಲ್ಲಿ ಪಾಲು ಕೇಳುತ್ತಾರೆಯೇ ವಿಚಾರಿಸಿರಿ.
(ಆ) ಯು.ಪಿ.ಐ. ಮೂಲಕ ಹಣ ಪಡೆಯಬಹುದೇ?
(ಇ) ಪಿನ್‌ಕೋಡ್ ನೋಡಿ ‘ಈ ಊರಿಗೆ ಕಳುಹಿಸುತ್ತೇವೆ, ಈ ಊರಿಗೆ ಇಲ್ಲ’ ಎಂದು ಅದು ಹೇಳಬಲ್ಲುದೇ? ತೂಕಕ್ಕೆ ತಕ್ಕಂತೆ ಸಾಗಣೆ ವೆಚ್ಚ ಹಾಕಬಲ್ಲುದೇ?
(ಈ) ಪುಟಗಳು ಕನ್ನಡದಲ್ಲಿಯೂ ಸರಿಯಾಗಿ ಕಾಣುತ್ತವೆಯೇ?
(ಉ) ಗಿರಾಕಿಗಳ ಪಟ್ಟಿ, ಬೇಡಿಕೆಗಳ ಲೆಕ್ಕ ಇವನ್ನು ನಾವು ಬೇಕಾದಾಗ ಇಳಿಸಿಕೊಂಡು ಬೇರೆ ಕಡೆಗೆ ಒಯ್ಯಬಹುದೇ?
(ಊ) ಜಾಲತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಾಯಿತವಾಗುತ್ತದೆ? ಅದು ಸಂಘದ ಹೆಸರಿನಲ್ಲಿಯೇ ಇರತಕ್ಕದ್ದು. ಕಟ್ಟಿಕೊಟ್ಟವನ ಹೆಸರಿನಲ್ಲಿದ್ದರೆ ನಾಳೆ ಮನಸ್ತಾಪ ಬಂದಾಗ ಅಂಗಡಿಯ ಬೀಗದ ಕೈ ಅವನ ಬಳಿ ಉಳಿಯುತ್ತದೆ.

ಇನ್ನೊಂದು ಮಾತು. ನಿಮ್ಮ ಸಂಘದಲ್ಲಿ ದಿನವೂ ಕಂಪ್ಯೂಟರ್ ಮುಂದೆ ಕೂತು ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ಸ್ವಂತ ಅಂಗಡಿಯ ಆಸೆ ಬಿಡಿರಿ. ಉಚಿತ ತಂತ್ರಾಂಶಕ್ಕೂ ದಾನವಾಗಿ ಬಂದ ಹಸುವಿನಂತೆ ನಿತ್ಯ ಮೇವು, ಆರೈಕೆ ಬೇಕು. ಕಾಲಕಾಲಕ್ಕೆ ಹೊಸ ಆವೃತ್ತಿ ಹಾಕದಿದ್ದರೆ ಕಳ್ಳರಿಗೆ ಬಾಗಿಲು ತೆರೆದಂತೆ.

ನಿಧಾನವನ್ನು ಅಳೆಯುವುದು

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕುವುದು ಹೇಗೆ ಸರಿಯಲ್ಲವೋ ಹಾಗೆಯೇ ಅಳೆಯದೆ ಅಂಗಡಿಯನ್ನು ಚುರುಕುಗೊಳಿಸಲು ಹೊರಡುವುದೂ ಸರಿಯಲ್ಲ. ಗೂಗಲ್ ಕಂಪನಿಯ ‘ಪೇಜ್‌ಸ್ಪೀಡ್ ಇನ್‌ಸೈಟ್ಸ್’ ಎಂಬ ಉಚಿತ ಪರೀಕ್ಷೆಯಿದೆ. ನಿಮ್ಮ ಅಂಗಡಿಯ ವಿಳಾಸವನ್ನು ಅಲ್ಲಿ ಬರೆದರೆ ಮೂರು ಅಳತೆಗಳು ಸಿಗುತ್ತವೆ.

ಒಂದು: ಪುಟದ ಮುಖ್ಯ ಚಿತ್ರ ಅಥವಾ ಬರಹ ಕಾಣಿಸಲು ಹಿಡಿಯುವ ಹೊತ್ತು. ಇದು 2.5 ಸೆಕೆಂಡಿನೊಳಗೆ ಇರಬೇಕು. ಎರಡು: ಗಿರಾಕಿ ಬಟನ್ ಒತ್ತಿದ ಮೇಲೆ ಪುಟವು ಓಗೊಡುವ ಹೊತ್ತು. ಇದು ಸೆಕೆಂಡಿನ ಐದನೆಯ ಒಂದು ಭಾಗದೊಳಗೆ ಇರಬೇಕು. ಮೂರು: ಪುಟ ತೆರೆಯುವಾಗ ಅಕ್ಷರ, ಚಿತ್ರಗಳು ಎಷ್ಟು ಕುಪ್ಪಳಿಸುತ್ತವೆ ಎಂಬುದು. ಈ ಅಂಕ 0.1 ಮೀರಬಾರದು; ಮೀರಿದರೆ ‘ಒಂದು ಪೆಟ್ಟಿಗೆ’ ಒತ್ತಲು ಹೋದ ಬೆರಳು ‘ಹತ್ತು ಪೆಟ್ಟಿಗೆ’ ಒತ್ತಿಬಿಡುತ್ತದೆ. ಈ ಪರೀಕ್ಷೆ ಸಿಕ್ಕವರಲ್ಲಿ ನಾಲ್ವರ ಪೈಕಿ ಮೂವರಿಗಾದರೂ ಈ ಮಟ್ಟ ದೊರೆಯಬೇಕೆಂಬುದು ಗೂಗಲ್ ಇಟ್ಟಿರುವ ಗೆರೆ.

ಯಂತ್ರದ ಪರೀಕ್ಷೆಯೊಂದೇ ಸಾಲದು. ಸಂಘದಲ್ಲಿರುವ ಅತಿ ಅಗ್ಗದ ಫೋನ್ ತೆಗೆದುಕೊಂಡು, ವೈಫೈ ಆರಿಸಿ, ಸಾಧಾರಣ ಸಿಗ್ನಲ್ ಇರುವ ಕಡೆ ನಿಂತು, ಮೊದಲ ಪುಟದಿಂದ ಹಣ ಪಾವತಿಯವರೆಗೆ ಒಂದು ಪೆಟ್ಟಿಗೆ ಕೊಂಡು ನೋಡಿರಿ. ಪ್ರತಿ ಹಂತಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಇನ್ನೊಬ್ಬರು ಗಡಿಯಾರ ನೋಡಿ ಬರೆದಿಡಲಿ. ಎಲ್ಲಿ ಹೆಚ್ಚು ಹೊತ್ತು ಹಿಡಿಯಿತೋ ಅಲ್ಲಿಂದ ಕೆಲಸ ಆರಂಭಿಸಬೇಕು.

ಚುರುಕುಗೊಳಿಸುವ ಕ್ರಮಗಳು

ಮೊದಲನೆಯದು, ಚಿತ್ರಗಳನ್ನು ಹಗುರ ಮಾಡುವುದು. ಸಣ್ಣ ಅಂಗಡಿಗಳಲ್ಲಿ ನಿಧಾನಕ್ಕೆ ಸಾಮಾನ್ಯ ಕಾರಣ ಇದೇ. ಫೋನಿನಲ್ಲಿ ತೆಗೆದ ಒಂದು ಚಿತ್ರ 4 ಎಂ.ಬಿ. ಇರಬಹುದು. ಅಂಥ 12 ಚಿತ್ರಗಳನ್ನು ಒಂದೇ ಪುಟಕ್ಕೆ ಹಾಕಿದರೆ 48 ಎಂ.ಬಿ. ಆಯಿತು. ಸೆಕೆಂಡಿಗೆ 4 ಮೆಗಾಬಿಟ್ ಹರಿಯುವ ಸಾಧಾರಣ ಸಂಪರ್ಕದಲ್ಲಿ ಅರ್ಧ ಎಂ.ಬಿ. ಇಳಿಯಲು ಒಂದು ಸೆಕೆಂಡು ಬೇಕು. ಆದುದರಿಂದ ಇಡೀ ಪುಟ ಇಳಿಯಲು 96 ಸೆಕೆಂಡು! ಅದೇ ಚಿತ್ರಗಳನ್ನು ಕುಗ್ಗಿಸಿ ತಲಾ 100 ಕೆ.ಬಿ. ಮಾಡಿದರೆ ಎಲ್ಲವೂ ಸೇರಿ 1.2 ಎಂ.ಬಿ.; ಇಳಿಯಲು ಎರಡೂವರೆ ಸೆಕೆಂಡಿಗೂ ಕಡಿಮೆ. ಫೋನಿನ ಪರದೆಯ ಮೇಲೆ ನೋಡುವವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಸರಕಿನ ಚಿತ್ರಕ್ಕೆ 800 ಪಿಕ್ಸೆಲ್ ಅಗಲ ಸಾಕು. ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಜೆಪೆಗ್ ಚಿತ್ರಕ್ಕಿಂತ ತೂಕ ಕಾಲು ಭಾಗದಷ್ಟು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಚಿತ್ರದ ಉದ್ದಗಲಗಳನ್ನು ಪುಟದಲ್ಲಿ ನಮೂದಿಸಿದರೆ ಪುಟ ಕುಪ್ಪಳಿಸುವುದೂ ನಿಲ್ಲುತ್ತದೆ.

ಎರಡನೆಯದು, ಕಳೆ ಕೀಳುವುದು. ಸ್ವಂತ ಅಂಗಡಿಗೆ ಪ್ಲಗಿನ್ ಎಂಬ ಬಿಡಿ ಜೋಡಣೆಗಳನ್ನು ಹಾಕುತ್ತಾರೆ. ಜಾರುವ ಚಿತ್ರಪಟ, ಹಾರುವ ಜಾಹೀರಾತು, ಮಾತಾಡುವ ಕಿಟಕಿ ಎಲ್ಲವೂ ಚೆಂದವೇ. ಆದರೆ ಪ್ರತಿಯೊಂದೂ ಗಿರಾಕಿಯ ಫೋನಿಗೆ ಹೊರೆ ಹೊರಿಸುತ್ತದೆ. ಒಂದೊಂದನ್ನೇ ನಿಲ್ಲಿಸಿ ಮತ್ತೆ ಅಳೆಯಿರಿ. ಮಾರಾಟಕ್ಕೆ ನೆರವಾಗದಿದ್ದನ್ನು ಕಿತ್ತುಹಾಕಿರಿ.

ಮೂರನೆಯದು, ಪುಟಗಳನ್ನು ಮೊದಲೇ ಕಟ್ಟಿಡುವುದು. ಗಿರಾಕಿ ಬಂದಾಗಲೆಲ್ಲ ಸರ್ವರ್ ಹೊಸದಾಗಿ ಪುಟವನ್ನು ಕಟ್ಟುತ್ತದೆ. ಜಾತ್ರೆಯ ದಿನ ಪುರಿಯನ್ನು ಮೊದಲೇ ಪೊಟ್ಟಣ ಕಟ್ಟಿಟ್ಟರೆ ಗಿರಾಕಿಗಳ ಸಾಲು ಬೇಗ ಕರಗುವಂತೆ, ಒಮ್ಮೆ ಕಟ್ಟಿದ ಪುಟವನ್ನು ತೆಗೆದಿಟ್ಟು ಎಲ್ಲರಿಗೂ ಅದನ್ನೇ ಕೊಡಬಹುದು. ಇದಕ್ಕೆ ‘ಕ್ಯಾಶ್’ ಎನ್ನುತ್ತಾರೆ.

ಇಲ್ಲಿಯೇ ಆ ಮುಖ್ಯ ಎಚ್ಚರಿಕೆ. ಹಣ್ಣಿನ ಪುಟ ಎಲ್ಲರಿಗೂ ಒಂದೇ, ಅದನ್ನು ಕಟ್ಟಿಡಬಹುದು. ಬುಟ್ಟಿಯ ಪುಟ, ವಿಳಾಸ ಬರೆಯುವ ಪುಟ, ಗಿರಾಕಿಯ ಖಾತೆಯ ಪುಟ ಇವು ಒಬ್ಬೊಬ್ಬರಿಗೆ ಒಂದೊಂದು. ಚೀಟಿಯ ಸಂಖ್ಯೆ ನೋಡಿಯೇ ಇವನ್ನು ಕಟ್ಟಬೇಕು. ಇವನ್ನೂ ಕಟ್ಟಿಟ್ಟು ಹಂಚಿದರೆ ಒಬ್ಬ ಗಿರಾಕಿಯ ಹೆಸರು, ವಿಳಾಸ, ಫೋನ್ ಸಂಖ್ಯೆ ಮತ್ತೊಬ್ಬನಿಗೆ ಕಾಣಿಸುವ ಅಪಾಯವಿದೆ. ಎಷ್ಟೇ ಚುರುಕು ದೊರೆತರೂ ಈ ಮೂರು ಪುಟಗಳನ್ನು ಕ್ಯಾಶಿಗೆ ಸೇರಿಸಕೂಡದು. ಕೆಲಸ ಮಾಡಿಕೊಡುವವರಿಂದ ಇದನ್ನು ಎರಡು ಫೋನುಗಳಲ್ಲಿ ಎರಡು ಬೇರೆ ಬುಟ್ಟಿ ತುಂಬಿಸಿ ನೋಡಿ ಖಾತ್ರಿ ಮಾಡಿಕೊಳ್ಳಿರಿ.

ನಾಲ್ಕನೆಯದು, ಸರ್ವರ್ ಹತ್ತಿರವಿರುವುದು. ಅಮೆರಿಕದಲ್ಲಿರುವ ಸರ್ವರಿಗೆ ಇಲ್ಲಿಂದ ಒಂದು ಮಾತು ಹೋಗಿ ಬರಲು ಸುಮಾರು ಕಾಲು ಸೆಕೆಂಡು ಬೇಕು; ಒಂದು ಪುಟ ತೆರೆಯಲು ಅಂಥ ಹಲವು ಓಡಾಟಗಳಾಗುತ್ತವೆ. ಗಿರಾಕಿಗಳೆಲ್ಲ ಬೆಂಗಳೂರು, ಮೈಸೂರಿನವರಾಗಿರುವಾಗ ಸರ್ವರ್ ಭಾರತದಲ್ಲಿಯೇ ಇರಲಿ.

ಐದನೆಯದು, ಹಳೆಯ ಆವೃತ್ತಿ ಬಿಡುವುದು. ವೂಕಾಮರ್ಸ್, ಓಪನ್‌ಕಾರ್ಟ್ ಮುಂತಾದವು ಪಿ.ಎಚ್.ಪಿ. ಎಂಬ ಭಾಷೆಯಲ್ಲಿ ನಡೆಯುತ್ತವೆ. 2015ರ ಡಿಸೆಂಬರಿನಲ್ಲಿ ಬಂದ ಅದರ 7ನೆಯ ಆವೃತ್ತಿಯು ಹಿಂದಿನದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಚುರುಕಾಗಿತ್ತು. ಅದರ ಕಾಲವೂ ಮುಗಿದು ಈಗ 8ರ ಸಾಲಿನ ಆವೃತ್ತಿಗಳು ಬಳಕೆಯಲ್ಲಿವೆ. ವೂಕಾಮರ್ಸ್ ಮೊದಲು ಬೇಡಿಕೆಗಳನ್ನೂ ಲೇಖನಗಳನ್ನೂ ಒಂದೇ ಕಡತದಲ್ಲಿ ಇಡುತ್ತಿತ್ತು. 2023ರ ಅಕ್ಟೋಬರಿನಲ್ಲಿ ಬಂದ 8.2ನೆಯ ಆವೃತ್ತಿಯಿಂದ ಹೊಸ ಅಂಗಡಿಗಳಲ್ಲಿ ಬೇಡಿಕೆಗಳಿಗೆ ಬೇರೆಯೇ ಕಡತವಿದೆ. ಇದರಿಂದ ಹುಡುಕುವ ಕೆಲಸ ಹಗುರವಾಗುತ್ತದೆ. ಅದಕ್ಕೂ ಹಿಂದಿನ ಅಂಗಡಿಯಾದರೆ ಎಲ್ಲ ಲೆಕ್ಕದ ನಕಲು ತೆಗೆದಿಟ್ಟುಕೊಂಡು ಆ ಬದಲಾವಣೆ ಮಾಡಿಸಿರಿ.

ಆರನೆಯದು, ಪ್ರಶ್ನೆಗಳನ್ನು ಕಡಿಮೆ ಮಾಡುವುದು. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಪಿನ್‌ಕೋಡನ್ನು ಮೊದಲೇ ಕೇಳಿರಿ. ಹಣ್ಣು ತಲುಪದ ಊರಿನವನು ಎಲ್ಲ ಬರೆದ ಮೇಲೆ ನಿರಾಶನಾಗಬಾರದು. ಹೆಸರು, ಫೋನ್, ವಿಳಾಸ ಇಷ್ಟು ಸಾಕು. ಖಾತೆ ತೆರೆದು ಗುಪ್ತಪದ ಬರೆದರೆ ಮಾತ್ರ ಮಾರುತ್ತೇವೆ ಎಂದು ಹಟ ಹಿಡಿಯಬಾರದು. ಸಂತೆಯಲ್ಲಿ ಹಣ್ಣು ಕೊಳ್ಳುವವನಿಂದ ಯಾರೂ ಅರ್ಜಿ ಬರೆಸಿಕೊಳ್ಳುವುದಿಲ್ಲವಷ್ಟೆ. ಸಾಗಣೆ ವೆಚ್ಚವನ್ನೂ ಆರಂಭದಲ್ಲಿಯೇ ತೋರಿಸಿರಿ.

ಸುಗ್ಗಿಯ ನೂಕುನುಗ್ಗಲು

ವರ್ಷವೆಲ್ಲ ಚೆನ್ನಾಗಿ ನಡೆದ ಅಂಗಡಿ ಮೇ ತಿಂಗಳ ಒಂದು ಸಂಜೆ ಕುಸಿಯಬಹುದು. ಹೇಗೆಂದು ಲೆಕ್ಕ ನೋಡಿರಿ. ‘ಹಣ್ಣು ಬಂದಿದೆ’ ಎಂದು ಸಾವಿರ ಮನೆಗಳಿಗೆ ಒಂದೇ ಗಳಿಗೆಯಲ್ಲಿ ಸಂದೇಶ ಹೋಯಿತು. ಒಬ್ಬೊಬ್ಬರು ನಾಲ್ಕು ಪುಟ ತೆರೆದರೆ 4,000 ಪುಟಗಳಾದವು. ನಿಮ್ಮ ಸರ್ವರ್ ಸೆಕೆಂಡಿಗೆ 5 ಪುಟ ಮಾತ್ರ ಕಟ್ಟಬಲ್ಲುದಾದರೆ ಎಲ್ಲರಿಗೂ ಕೊಟ್ಟು ಮುಗಿಸಲು 800 ಸೆಕೆಂಡು, ಅಂದರೆ 13 ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ದೊಡ್ಡ ಸರ್ವರಿಗೆ ಹಣ ಸುರಿಯುವ ಮೊದಲು ಒಂದು ಸುಲಭೋಪಾಯ ಮಾಡಿರಿ: ಬಡಾವಣೆವಾರು ನೂರು ನೂರು ಮನೆಗಳಿಗೆ, ಹತ್ತು ನಿಮಿಷ ಬಿಟ್ಟು ಬಿಟ್ಟು ಸಂದೇಶ ಕಳುಹಿಸಿರಿ. ನಾಲೆಯ ನೀರನ್ನು ಸರದಿಯಂತೆ ಬಿಡುವುದು ನಿಮಗೆ ಹೊಸದಲ್ಲ.

ಗಿರಾಕಿಗಳು ಮುಗಿಬಿದ್ದಾಗ ಮತ್ತೊಂದು ತೊಡಕು ಬರುತ್ತದೆ. ಉಳಿದಿರುವುದು ಒಂದೇ ಪೆಟ್ಟಿಗೆ. ಇಬ್ಬರು ಒಟ್ಟಿಗೆ ಹಣ ಕೊಡಲು ಹೊರಟರು. ಬೇಡಿಕೆ ಬರೆದು ಹಣ ಕೊಡದವನಿಗಾಗಿ ಸರಕನ್ನು ಎಷ್ಟು ನಿಮಿಷ ಕಾದಿಡಬೇಕೆಂದು ಕಾರ್ಟಿನಲ್ಲಿ ಗೊತ್ತುಪಡಿಸಬಹುದು. ವೂಕಾಮರ್ಸ್‌ನಲ್ಲಿ ಇದು ತಾನಾಗಿಯೇ 60 ನಿಮಿಷ ಇರುತ್ತದೆ. ಸುಗ್ಗಿಯಲ್ಲಿ ಅದನ್ನು 15 ನಿಮಿಷಕ್ಕೆ ಇಳಿಸಿದರೆ ಬಿಟ್ಟುಹೋದವನ ಪೆಟ್ಟಿಗೆ ಬೇಗ ಮತ್ತೊಬ್ಬನಿಗೆ ದೊರೆಯುತ್ತದೆ. ತೋಟದಲ್ಲಿ ನಿಜವಾಗಿ ಇರುವುದಕ್ಕಿಂತ ಸ್ವಲ್ಪ ಕಡಿಮೆ ದಾಸ್ತಾನನ್ನೇ ಅಂಗಡಿಯಲ್ಲಿ ನಮೂದಿಸುವುದು ಲೇಸು. ಹಣ ಪಡೆದು ಹಣ್ಣು ಕೊಡಲಾಗದ ಪರಿಸ್ಥಿತಿ ಬರಕೂಡದು.

ಕಾಯಿದೆಯ ಕೆಲವು ಮಾತುಗಳು

ಅವಸರದಲ್ಲಿ ಇವನ್ನು ಮರೆಯಬಾರದು. 2020ರ ಗ್ರಾಹಕ ರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಅಂಗಡಿಯಲ್ಲಿ ಕಾಣುವಂತಿರಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಗಿರಾಕಿಯ ಒಪ್ಪಿಗೆಯ ಗುರುತನ್ನು ನಾವೇ ಮೊದಲೇ ಹಾಕಿಡುವಂತಿಲ್ಲ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಆಜ್ಞೆಯಂತೆ ವ್ಯಾಪಾರಿಗಳು ಗಿರಾಕಿಯ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಉಪ್ಪಿನಕಾಯಿ, ಹಪ್ಪಳ ಮುಂತಾದ ತಯಾರಿಸಿದ ತಿನಿಸುಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಬೇಕು.

ಕೊನೆಯ ಮಾತು

ಬೆಂಕಿ ಬಿದ್ದಾಗ ಬಾವಿ ತೋಡಿ ಫಲವಿಲ್ಲ. ಮಾವು ಹೂ ಬಿಡುವ ಕಾಲದಲ್ಲಿಯೇ ಕಾರ್ಟ್ ಆರಿಸಿರಿ. ಕಾಯಿ ಕಚ್ಚುವ ಹೊತ್ತಿಗೆ ಚಿತ್ರ, ಪುಟಗಳನ್ನು ಹಗುರ ಮಾಡಿ ಅಳೆಯಿರಿ. ಕೊಯ್ಲಿಗೆ ಹದಿನೈದು ದಿನ ಮುಂಚೆ ಸಂಘದ ಇಪ್ಪತ್ತು ಮಂದಿ ಒಟ್ಟಿಗೆ ಕುಳಿತು ಒಂದೇ ಹೊತ್ತಿನಲ್ಲಿ ಖರೀದಿಯ ತಾಲೀಮು ನಡೆಸಿರಿ. ಕೊಯ್ಲು ಆರಂಭವಾದ ಮೇಲೆ ಅಂಗಡಿಯಲ್ಲಿ ಯಾವ ಹೊಸ ಪ್ರಯೋಗವನ್ನೂ ಮಾಡಬೇಡಿರಿ. ಒಳ್ಳೆಯ ಕಾರ್ಟ್ ಕೆಟ್ಟ ಹಣ್ಣನ್ನು ಮಾರಲಾರದು, ನಿಜ. ಆದರೆ ಕೆಟ್ಟ ಕಾರ್ಟ್ ಒಳ್ಳೆಯ ಹಣ್ಣನ್ನೂ ಕೊಳೆಸಬಲ್ಲುದು.

ಸಂಘದ ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ನಮ್ಮ ವ್ಯಾಪಾರಕ್ಕೆ ಕಾರ್ಟ್ ಈಗಲೇ ಬೇಕೇ, ಅಥವಾ ಇನ್ನೊಂದು ಸುಗ್ಗಿ ಕಾಯಬಹುದೇ?
2. ಅಂಗಡಿಯನ್ನು ದಿನವೂ ನೋಡಿಕೊಳ್ಳುವ ಹೊಣೆ ಯಾರದು? ಅವರು ಊರಲ್ಲಿಲ್ಲದಾಗ ಯಾರು?
3. ನಮ್ಮ ಮೊದಲ ಪುಟದ ಚಿತ್ರಗಳ ಒಟ್ಟು ತೂಕ ಎಷ್ಟು ಎಂ.ಬಿ.?
4. ಯಾವ ಯಾವ ಪುಟಗಳನ್ನು ಕ್ಯಾಶಿಗೆ ಸೇರಿಸಬಾರದು? ಏಕೆ?
5. ಜಾಲತಾಣದ ಹೆಸರು ಯಾರ ಹೆಸರಿನಲ್ಲಿದೆ?